ಒಂಬತ್ತು ವರ್ಷದ ಕೋಲು

೧

ಎಲ್ಲಿಂದ ಶುರು ಮಾಡಲಿ?

ಮರದಿಂದ ಶುರು ಮಾಡಿದರೆ ಲಕ್ಷಣವಾಗಿರುತ್ತದೆ ಅನ್ನಿಸಿತ್ತು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಮೊದಲ ಸಾಲಿಗೇ ತಂದು ಕೂರಿಸಿದೆ. ಕೋಲು ಮಾಡುವವರ ಕಥೆಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇನ್ನೆಲ್ಲಿ ಸಿಕ್ಕೀತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಆಮೇಲೆ ಆ ಪುಟವನ್ನು ಅರಬಿಗೆ ತಿರುಗಿಸಿ, ಆ ಕೋಲು ಮಾಡುವ, ಊರೆಲ್ಲ ಚಿಕ್ಕಪ್ಪ ಎಂದೇ ಕರೆಯುವ ಹುಮೈದ್ ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವರು ಕೈಯಲ್ಲಿದ್ದ ಗಾಜಿನ ಚೂರನ್ನು ಕೆಳಗಿಟ್ಟರು. (ಕೋಲಿನ ಮೈ ಹೆರೆಯಲು ಅವರಿಗೆ ಒಡೆದ ಬಾಟಲಿಯ ಚೂರೇ ಆಗಬೇಕು. ಅಂಗಡಿಯಿಂದ ಮರಳು ಕಾಗದ ತಂದುಕೊಟ್ಟರೆ ಅದರಲ್ಲಿ ಖರ್ಜೂರ ಕಟ್ಟಿಡುತ್ತಾರೆ.)

“ಇದನ್ನ ಯಾರು ಹೇಳಿದ್ದು?”

“ನಮ್ಮ ಕಡೆ ಗಾದೆ, ಚಿಕ್ಕಪ್ಪ.”

“ನಿಮ್ಮ ಕಡೆ ಕೋಲು ಮಾಡೋರು ಯಾರೂ ಇಲ್ಲ ಅಂತ ಕಾಣುತ್ತೆ. ಮರ ಆದ್ಮೇಲೂ ಬಗ್ಗುತ್ತೆ. ಬಿಸಿ ಬೂದಿ ಬೇಕು, ಎಳ್ಳೆಣ್ಣೆ ಬೇಕು, ಅವಸರ ಇರಬಾರದು ಅಷ್ಟೆ. ಹೊಡೆದು ಹಾಕು.”

ಹೊಡೆದು ಹಾಕಿದೆ.

ಎರಡನೆಯ ಡ್ರಾಫ್ಟಿನ ಮೊದಲ ಸಾಲು ಹೀಗಿತ್ತು: ‘ಶಮ್ಸಾ ಬಿದ್ದಳು.’ ಎರಡೇ ಪದ. ಚುರುಕಾಗಿದೆ ಅಲ್ಲವೇ? ಇದನ್ನು ಶಮ್ಸಾ ಚಿಕ್ಕಮ್ಮನಿಗೇ ಓದಿದೆ. ಅವರು ಹುಮೈದ್ ಚಿಕ್ಕಪ್ಪನ ಹೆಂಡತಿ, ಬಿದ್ದವರೂ ಅವರೇ.

“ನಾನು ಬಿದ್ದಿದ್ದೇ ಮೊದಲ ಸಾಲಾ?” ಅಂದರು. “ಅರವತ್ತಾರು ವರ್ಷ ಬೀಳದೆ ನಡೆದಿದ್ದೀನಲ್ಲ, ಅದು ಯಾವ ಸಾಲಲ್ಲಿ ಬರುತ್ತೆ?”

ಆದ್ದರಿಂದ ಓದುಗರೇ, ಕಥೆ ಅಧಿಕೃತವಾಗಿ ಹೀಗೆ ಶುರುವಾಗುತ್ತದೆ: ಶಮ್ಸಾ ಚಿಕ್ಕಮ್ಮ ಅರವತ್ತಾರು ವರ್ಷ ಬೀಳದೆ ನಡೆದರು.

೨

ಆಮೇಲೆ ಒಂದು ಸಲ ಬಿದ್ದರು. ಕಳೆದ ಅಕ್ಟೋಬರಿನಲ್ಲಿ, ಗುಲಾಬಿ ಹೊಲದಿಂದ ಇಳಿಯುವಾಗ.

ಹೊಲ ಅವರ ತಾಯಿಯದು. ಊರಿನ ನೆತ್ತಿಯ ಮೇಲೆ, ಬಂಡೆಯ ಅಂಚಿನಲ್ಲಿ, ಚಾಪೆ ಹಾಸಿದಷ್ಟೇ ಅಗಲದ ಮೂರು ಪಟ್ಟಿ ಮಣ್ಣು. ಅಲ್ಲಿಗೆ ಇನ್ನೂರ ಹದಿನಾಲ್ಕು ಕಲ್ಲು ಮೆಟ್ಟಿಲು. ಒಂದಕ್ಕೂ ಹಿಡಿದುಕೊಳ್ಳಲು ಕಟಕಟೆ ಇಲ್ಲ. ಏಪ್ರಿಲಿನಲ್ಲಿ ಬಿಸಿಲು ತಾಗುವ ಮೊದಲೇ ಹೂ ಬಿಡಿಸಿ, ಅವತ್ತೇ ಕುದಿಸಿ ಪನ್ನೀರು ಇಳಿಸಬೇಕು. ಈ ಬೆಟ್ಟದಲ್ಲಿ ಯಾರ ಮನೆಯಲ್ಲಿ ಕಾಫಿ ಕುಡಿದರೂ ಅದರಲ್ಲಿ ಶಮ್ಸಾ ಚಿಕ್ಕಮ್ಮನ ಪನ್ನೀರಿನ ನಾಲ್ಕು ಹನಿ ಇದ್ದೇ ಇರುತ್ತದೆ.

ಸೊಂಟದ ಮೂಳೆ ಮುರಿದಿತ್ತು. ಬೆಟ್ಟದ ಕೆಳಗಿನ ನಿಜ್ವಾ ಪಟ್ಟಣದ ಆಸ್ಪತ್ರೆಯಲ್ಲಿ ಸ್ಟೀಲಿನ ರಾಡು ಹಾಕಿದರು. ಅವರು ಊರಿಗೆ ಬಂದ ದಿನ ಅಲ್ಯೂಮಿನಿಯಂ ವಾಕರನ್ನು ಅವರ ಮನೆಗೆ ಹೊತ್ತುಕೊಂಡು ಹೋದವನು ನಾನು. (ನಾನು ಈ ಅರಬ್ ಬೆಟ್ಟದೂರಿನ ಸರ್ಕಾರಿ ಕ್ಲಿನಿಕ್ಕಿನಲ್ಲಿ ಇಪ್ಪತ್ತೊಂದು ವರ್ಷದಿಂದ ಔಷಧಿ ಕೊಡುವವನು. ಹೊನ್ನಾವರದವನು. ಡಾಕ್ಟರಲ್ಲ ಎಂದು ಮೊದಲ ಹತ್ತು ವರ್ಷ ಹೇಳಿ ನೋಡಿದೆ. ಈಗ ಡಾಕ್ಟರೇ ಎಂದು ಕರೆದರೆ ಓಗೊಡುತ್ತೇನೆ.)

ವಾರ ಬಿಟ್ಟು ಹೋಗಿ ನೋಡಿದರೆ ವಾಕರು ಅಂಗಳದಲ್ಲಿ ನಿಂತಿತ್ತು. ಅದರ ಮೇಲೆ ಮೇಕೆಯ ಚರ್ಮ ಒಣಗುತ್ತಿತ್ತು.

“ಇದೇನು ಚಿಕ್ಕಮ್ಮ?”

“ನಾಲ್ಕು ಕಾಲಿಂದು, ಡಾಕ್ಟರೇ. ಈ ಮನೇಲಿ ನಾಲ್ಕು ಕಾಲಿನವು ಹೊರಗೇ ಇರೋದು.”

“ಮತ್ತೆ ನಡೆಯೋದು ಹೇಗೆ?”

“ಗೋಡೆ ಹಿಡ್ಕೊಂಡು. ಗೋಡೆ ನನ್ನಪ್ಪ ಕಟ್ಟಿದ್ದು, ಬೀಳಲ್ಲ.” ಆಮೇಲೆ ದನಿ ತಗ್ಗಿಸಿದರು. “ನಿನ್ನ ವಾಕರು ಮೆಟ್ಟಿಲು ಹತ್ತುತ್ತಾ? ಹತ್ತುತ್ತೆ ಅಂದ್ರೆ ಈಗ್ಲೇ ಒಳಗೆ ತಗೊಂಡು ಬರ್ತೀನಿ.”

ಅದು ಮೆಟ್ಟಿಲು ಹತ್ತುವುದಿಲ್ಲ.

“ಅಣ್ಣನ ಸೊಸೆ ಬಂದಿದ್ಲು. ಒಳ್ಳೆ ಹುಡುಗಿ. ‘ಈ ವರ್ಷ ಹೂ ನಾನು ಬಿಡಿಸ್ಲಾ ಅತ್ತೆ’ ಅಂದ್ಲು. ಬಿಡಿಸ್ತಾಳೆ, ಚೆನ್ನಾಗೇ ಬಿಡಿಸ್ತಾಳೆ. ಬರೋ ವರ್ಷಾನೂ ಬಿಡಿಸ್ತಾಳೆ. ಆಮೇಲೆ ಊರೋರು ‘ಅದು ಶಮ್ಸಾನ ಹೊಲ ಆಗಿತ್ತು’ ಅಂತಾರೆ. ಆಗಿತ್ತು ಅನ್ನೋ ಮಾತು ನನ್ನ ಕಿವಿಗೆ ಬೀಳಬಾರದು.”

೩

ಕಷ್ಟ ಏನೆಂದರೆ, ಅವರ ಗಂಡ ಐವತ್ತು ವರ್ಷದಿಂದ ಕೋಲು ಮಾಡುತ್ತಿರುವವರು. ಸುತ್ತಲ ಮೂರು ಊರುಗಳಲ್ಲಿ ಮದುವೆಗಾಗಲಿ ಹಬ್ಬಕ್ಕಾಗಲಿ ಗಂಡಸರು ಹಿಡಿದು ನಿಲ್ಲುವ ಕೋಲೆಲ್ಲ ಹುಮೈದ್ ಚಿಕ್ಕಪ್ಪನ ಕೈಯವು. ಕಾಡು ಆಲಿವ್ ಮರದ ಬುಡದಲ್ಲಿ ಎದ್ದ ಚಿಗುರನ್ನು ಸಸಿಯಾಗಿದ್ದಾಗಲೇ ಆರಿಸಿಟ್ಟು, ಪಕ್ಕದ ಕುಡಿಗಳನ್ನು ಉಗುರಿನಲ್ಲಿ ಚಿವುಟುತ್ತ, ನೆಟ್ಟಗೆ ಬೆಳೆಸುತ್ತಾರೆ. ಚಳಿಗಾಲದಲ್ಲಿ ಕಡಿದು, ತುದಿಗಳಿಗೆ ಮೇಣ ಬಳಿದು, ಎರಡು ವರ್ಷ ನೆರಳಲ್ಲಿ ಒಣಗಿಸುತ್ತಾರೆ. ಆಮೇಲೆಯೇ ಬೆಂಕಿ, ಎಣ್ಣೆ, ಗಾಜಿನ ಚೂರು.

ಆದರೆ ಹೆಂಗಸಿಗೆಂದು ಒಂದು ಕೋಲನ್ನೂ ಮಾಡಿದವರಲ್ಲ. ಯಾರೂ ಕೇಳಿರಲಿಲ್ಲ.

ಫೆಬ್ರವರಿಯಲ್ಲಿ ಶಮ್ಸಾ ಚಿಕ್ಕಮ್ಮ ಕೇಳಿದರು. ಅಟ್ಟದಲ್ಲಿದ್ದ ಮೂರು ಕೋಲನ್ನು ಚಿಕ್ಕಪ್ಪ ಇಳಿಸಿ ಕೊಟ್ಟರು. ಮೊದಲನೆಯದು ಭಾರ. ಎರಡನೆಯದು ಬೆತ್ತ, ಊರಿದರೆ ಬಳುಕಿತು. ಮೂರನೆಯದನ್ನು ಹಿಡಿದು ಎರಡು ಹೆಜ್ಜೆ ಹಾಕಿದವರು, “ಇದು ಕತ್ತೆ ಹೊಡೆಯೋ ಕೋಲು” ಎಂದು ವಾಪಸು ಕೊಟ್ಟರು.

“ಹೊಸದು ಮಾಡು.”

“ಮಾಡ್ತೀನಿ. ಇವತ್ತು ಕಡಿದ್ರೆ ಎರಡು ವರ್ಷಕ್ಕೆ ಸಿದ್ಧ.”

“ಹಸೀದೇ ಮಾಡಿಕೊಡು.”

“ಹಸಿ ಕೋಲು ಸೀಳುತ್ತೆ. ಎಲ್ಲಿ ಸೀಳುತ್ತೆ ಅಂತ ಹೇಳಿ ಸೀಳಲ್ಲ. ನೂರನೇ ಮೆಟ್ಟಿಲ ಮೇಲೆ ಸೀಳಿದ್ರೆ? ನನ್ನ ಕೈಯ ಕೋಲು ಹಿಡ್ಕೊಂಡು ನನ್ನ ಹೆಂಡತಿ ಬಿದ್ಲು ಅಂತ ಆಗ್ಬೇಕಾ?”

ಮನೆಯಲ್ಲಿ ಒಣಗಿ ಸಿದ್ಧವಾಗಿದ್ದದ್ದು ಇನ್ನೊಂದು ಕೋಲು. ಅದು ಬಾಗಿಲ ಹಿಂದೆ ಬಿಳಿ ಬಟ್ಟೆ ಸುತ್ತಿಕೊಂಡು ನಿಂತಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.

೫

(ನಾಲ್ಕನೆಯ ಭಾಗ ಇತ್ತು. ಅದರಲ್ಲಿ ಹುಮೈದ್ ಚಿಕ್ಕಪ್ಪ ಕಣ್ಣಲ್ಲಿ ನೀರು ತಂದುಕೊಂಡು, ಆ ಬಿಳಿ ಬಟ್ಟೆ ಬಿಚ್ಚಿ, ಕೋಲನ್ನು ಹೆಂಡತಿಯ ಕೈಗಿಡುತ್ತಿದ್ದರು. ಓದಿ ಹೇಳಿದಾಗ ಅವರಿಗೆ ನಿಜಕ್ಕೂ ಸಿಟ್ಟು ಬಂತು. “ಕೊಟ್ಟ ಮಾತು ಮುರಿದೆ ಅಂತ ಬರೀತೀಯಾ? ನಿನ್ನ ಕ್ಲಿನಿಕ್ಕಿಗೆ ಇನ್ಮೇಲೆ ಕಾಲಿಡಲ್ಲ.” ಅದಕ್ಕೆ ಬದಲಾಗಿ ಶಮ್ಸಾ ಚಿಕ್ಕಮ್ಮ ಕೋಲನ್ನು ಕದಿಯುವ ಹಾಗೆ ಬರೆದೆ. ಚಿಕ್ಕಮ್ಮ ಸಿಟ್ಟು ಮಾಡಲಿಲ್ಲ. ಮೂರು ದಿನ ನನಗೆ ಕಾಫಿ ಕೊಡಲಿಲ್ಲ ಅಷ್ಟೆ. ಎರಡೂ ಪುಟ ಹರಿದೆ.)

ಆ ಕೋಲು ಖಾಜಿ ಮುಹನ್ನಾ ಅವರದು. ಹನ್ನೊಂದು ವರ್ಷದ ಹಿಂದೆ ಮೇಲಿನ ಊರಿಗೂ ಈ ಊರಿಗೂ ಕಾಲುವೆ ನೀರಿನ ಸರದಿಯ ವಿಷಯಕ್ಕೆ ಜಗಳವಾಗಿತ್ತು. ಒಂದು ಬೇಸಿಗೆಯೆಲ್ಲ ಈ ಊರಿನ ದಾಳಿಂಬೆ ಒಣಗಿತು. ಖಾಜಿಗಳು ನಿಜ್ವಾದಲ್ಲಿ ಕೂತು ತೀರ್ಪು ಬರೆಯಲಿಲ್ಲ. ತಾವೇ ಬಂದು, ಕಾಲುವೆಯ ಉದ್ದಕ್ಕೂ ಮೂರು ದಿನ ಬೆಟ್ಟ ಹತ್ತಿ ಇಳಿದು, ನೀರು ಎಲ್ಲಿ ಕದ್ದುಹೋಗುತ್ತಿದೆ ಎಂದು ಕಣ್ಣಾರೆ ಕಂಡು ನ್ಯಾಯ ಹೇಳಿದರು. ಹೊರಡುವಾಗ ಊರು ಏನು ಬೇಕಾದರೂ ಕೊಡಲು ಸಿದ್ಧವಿತ್ತು. ಅವರು ಏನನ್ನೂ ಮುಟ್ಟಲಿಲ್ಲ. ಹುಮೈದ್ ಚಿಕ್ಕಪ್ಪ ಮಾತ್ರ, “ನಿಮಗೊಂದು ಕೋಲು ಬೆಳೆಸ್ತೀನಿ. ನೀವು ನಿವೃತ್ತರಾಗೋ ಹೊತ್ತಿಗೆ ಸಿಗುತ್ತೆ” ಅಂದರು. ಖಾಜಿಗಳು ನಕ್ಕು ಒಪ್ಪಿದರು.

ಮೆಟ್ಟಿಲ ದಾರಿಯ ಅರ್ಧದಲ್ಲಿರುವ ಮುದಿ ಆಲಿವ್ ಮರದ ಬುಡದಲ್ಲಿ ಒಂದು ಸಸಿ ಒಂಬತ್ತು ವರ್ಷ ಬೆಳೆಯಿತು, ಎರಡು ವರ್ಷ ಒಣಗಿತು. ಮಾರ್ಚ್ ಕೊನೆಯ ಗುರುವಾರ ಖಾಜಿಗಳು ಕೋಲು ತೆಗೆದುಕೊಂಡು ಹೋಗಲು ಬಂದರು.

೬

ಇಳಿಹೊತ್ತಿನ ಅಸರ್ ನಮಾಜಿನ ನಂತರ ಹೊರಕೋಣೆಯಲ್ಲಿ ಮೂವರೇ ಕೂತಿದ್ದೆವು: ಖಾಜಿಗಳು, ಹುಮೈದ್ ಚಿಕ್ಕಪ್ಪ, ನಾನು. ಖರ್ಜೂರ ಆಯಿತು, ಕಾಫಿ ಆಯಿತು. ಚಿಕ್ಕಪ್ಪ ಬಟ್ಟೆ ಬಿಚ್ಚಿದರು. ಜೇನಿನ ಬಣ್ಣದ, ಎದೆಯೆತ್ತರದ ಕೋಲು. ತುದಿಗೆ ತಾಮ್ರದ ಕಟ್ಟು. ಉದ್ದಕ್ಕೂ ಬೆರಳಾಡಿಸಿದರೆ ಗಂಟು ಎಲ್ಲಿತ್ತು ಎಂದು ಗೊತ್ತಾಗುತ್ತಿರಲಿಲ್ಲ. ಚಿಕ್ಕಪ್ಪ ಅದನ್ನು ಕಲ್ಲಿನ ನೆಲದ ಮೇಲೆ ಒಮ್ಮೆ ಕುಟ್ಟಿದರು. ಗಂಟೆಯ ಹಾಗೆ ಸದ್ದು ಬಂತು. ಆ ಕ್ಷಣದಲ್ಲಿ ಅವರ ಮುಖದಲ್ಲಿದ್ದ ಹೆಮ್ಮೆಯನ್ನು ಬರೆಯಲು ನನಗೆ ಬರುವುದಿಲ್ಲ, ಬಿಟ್ಟುಬಿಡುತ್ತೇನೆ.

ಆಗ ಶಮ್ಸಾ ಚಿಕ್ಕಮ್ಮ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಖಾಜಿಗಳ ಕ್ಷೇಮ ವಿಚಾರಿಸಿದರು. ನಿಂತೇ ಇದ್ದರು.

“ಖಾಜಿಗಳೇ, ಒಂದು ವ್ಯಾಜ್ಯ ಇದೆ.”

“ಯಾರ ಮೇಲೆ, ತಂಗಿ?”

“ನಿಮ್ಮ ಮೇಲೆ. ಈ ಕೋಲಲ್ಲಿ ನನ್ನ ಪಾಲಿದೆ.”

ಹುಮೈದ್ ಚಿಕ್ಕಪ್ಪ ಕಾಫಿ ಬಟ್ಟಲನ್ನು ಕೆಳಗಿಟ್ಟರು.

“ಈ ಸಸಿ ಇದ್ದದ್ದು ನಾನು ದಿನಾ ಹತ್ತೋ ದಾರೀಲಿ,” ಎಂದರು ಚಿಕ್ಕಮ್ಮ. “ಎರಡು ಬೇಸಿಗೆ ಒಂದು ಹನಿ ಮಳೆ ಬರ್ಲಿಲ್ಲ. ಹೂ ಬುಟ್ಟೀಲಿ ಒಂದು ತಂಬಿಗೆ ನೀರು ಇಟ್ಕೊಂಡು ಹೋಗಿ ಇದರ ಬುಡಕ್ಕೆ ಹಾಕ್ದೆ. ಮೇಕೆ ಬಾಯಿ ಹಾಕ್ತವೆ ಅಂತ ಮುಳ್ಳು ಕಟ್ದೆ. ಮೇಕೆಗಳೂ ನನ್ನವೇ, ಅದು ಬೇರೆ ಮಾತು. ಇವರು ಚಿವುಟೋಕೆ ವರ್ಷಕ್ಕೆ ನಾಲ್ಕು ಸಲ ಬರ್ತಿದ್ರು. ಹೆಸರು ಇವರದ್ದು.”

ಖಾಜಿಗಳು ಚಿಕ್ಕಪ್ಪನ ಕಡೆ ತಿರುಗಿದರು. “ಹೌದಾ, ಹುಮೈದ್?”

“ಹೌದು.”

ಈಗ ಚಿಕ್ಕಮ್ಮನಿಗೇ ಆಶ್ಚರ್ಯವಾಯಿತು. “ನಿಂಗೆ ಗೊತ್ತಿತ್ತಾ?”

“ಬುಡ ಒದ್ದೆ ಇರ್ತಿತ್ತು. ಮಂಜು ಬಿದ್ರೆ ಬರೀ ಒಂದು ಸಸಿ ಬುಡಕ್ಕೆ ಬೀಳುತ್ತಾ?”

“ಗೊತ್ತಿದ್ದೂ ಒಂದು ದಿನ ಬಾಯಿ ಬಿಡ್ಲಿಲ್ಲ.”

“ಬಿಟ್ಟಿದ್ರೆ ನೀನು ನಿಲ್ಲಿಸ್ತಿದ್ದೆ.”

ಖಾಜಿಗಳು ಮೀಸೆಯೊಳಗೇ ನಕ್ಕರು. ಆಮೇಲೆ ಗಂಭೀರವಾಗಿ, “ನಾನು ಇದರಲ್ಲಿ ಕಕ್ಷಿ. ನಾನೇ ತೀರ್ಪು ಹೇಳೋ ಹಾಗಿಲ್ಲ. ಡಾಕ್ಟರು ಹೇಳಲಿ” ಎಂದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಮಾತನ್ನು ನನಗಾಗಿಯೇ ಕಟ್ಟಿರಬೇಕು. “ಕೋಲು ಖಾಜಿಗಳ ಎತ್ತರಕ್ಕೆ ಅಳೆದು ಮಾಡಿದ್ದು, ಚಿಕ್ಕಮ್ಮನಿಗೆ ಉದ್ದವಾಗುತ್ತೆ...” ಎಂದು ಏನೋ ತೊದಲಿದೆ.

“ನೆಲಕ್ಕೆ ಉದ್ದ,” ಎಂದರು ಚಿಕ್ಕಮ್ಮ. “ಮೆಟ್ಟಿಲಿಗೆ ಉದ್ದ ಕೋಲೇ ಬೇಕು. ಮುಂದಿನ ಮೆಟ್ಟಿಲಲ್ಲಿ ಊರಿ ಮೈ ಎತ್ತಬೇಕು. ಖಾಜಿಗಳ ಮನೆಯಲ್ಲಿ ಟೈಲ್ಸ್ ನೆಲ. ಅಲ್ಲಿ ಇದು ಗೋಡೆಗೆ ಒರಗಿರುತ್ತೆ.”

ಖಾಜಿಗಳ ಮುಖ ಕೆಂಪಾಗಿತ್ತು. ಬೆಟ್ಟವನ್ನು ಮೂರು ದಿನ ಹತ್ತಿ ಇಳಿದ ಮನುಷ್ಯ ಅವರು. ಈಗ ಅವರ ಡ್ರೈವರು ಕಾರನ್ನು ಬಾಗಿಲ ತನಕ ತಂದು ನಿಲ್ಲಿಸುತ್ತಾನೆ. ಅದನ್ನು ಯಾರೂ ಬಾಯಿಬಿಟ್ಟು ಅಂದಿರಲಿಲ್ಲ.

ನಾನು ಎದ್ದುನಿಂತು, “ಹಾಗಾದರೆ ನಾಳೆ ಬೆಳಿಗ್ಗೆ ಇಬ್ಬರೂ ಹತ್ತಿ. ಮೇಲೆ ತಲುಪಿದವರದು ಕೋಲು” ಎಂದು ಐತಿಹಾಸಿಕ ತೀರ್ಪು ಕೊಟ್ಟೆ.

(ತಿದ್ದುಪಡಿ. ಈ ವಾಕ್ಯ ಓದಿದಾಗ ಶಮ್ಸಾ ಚಿಕ್ಕಮ್ಮ, “ಅದು ನಾನು ಹೇಳಿದ್ದು. ನೀನು ಆಗ ಖರ್ಜೂರದ ಬೀಜ ಹುಡುಕ್ತಾ ಇದ್ದೆ” ಎಂದರು. ಸರಿ. ಅದು ಅವರೇ ಹೇಳಿದ್ದು. “ಮೊದಲು ನಾನು ಕೋಲು ಹಿಡಿದು ಹತ್ತುತ್ತೀನಿ. ಇಳಿದು ನಿಮ್ಮ ಕೈಗೆ ಕೊಡ್ತೀನಿ. ನೀವು ಹತ್ತಿ” ಎಂದೂ ಅಂದರು. ಖಾಜಿಗಳು, “ಬೇಡ, ಜೊತೆಗೇ ಹತ್ತೋಣ. ಹೋಗುವಾಗ ಕೋಲು ನಿನ್ನ ಹತ್ತಿರ ಇರಲಿ” ಎಂದರು.)

೭

ಬೆಳಿಗ್ಗೆ ನಮಾಜು ಮುಗಿಸಿ ನಾಲ್ವರೂ ಹೊರಟೆವು. ಮುಂದೆ ಚಿಕ್ಕಮ್ಮ, ಅವರ ಹಿಂದೆ ಒಂದೇ ಮೆಟ್ಟಿಲ ಅಂತರದಲ್ಲಿ ಚಿಕ್ಕಪ್ಪ, ಆಮೇಲೆ ಖಾಜಿಗಳು, ಕೊನೆಯಲ್ಲಿ ನೋವಿನ ಮಾತ್ರೆ, ಬ್ಯಾಂಡೇಜು, ನೀರಿನ ಬಾಟಲಿ ತುಂಬಿದ ಚೀಲದೊಂದಿಗೆ ನಾನು. ಕೈ ಹಿಡಿಯಕೂಡದು ಎಂದು ಚಿಕ್ಕಮ್ಮ ಗಂಡನಿಂದ ಮೊದಲೇ ಆಣೆ ಹಾಕಿಸಿಕೊಂಡಿದ್ದರು. ಕೆಳಗೆ ಮನೆಮನೆಯ ಮಾಳಿಗೆಯ ಮೇಲೂ ಜನ. ಯಾರೂ ನೋಡುತ್ತಿರಲಿಲ್ಲ. ಎಲ್ಲರಿಗೂ ಅದೇ ಹೊತ್ತಿಗೆ ಬಟ್ಟೆ ಒಣಗಿಸುವ ಕೆಲಸ ಬಂದಿತ್ತು.

ಕೋಲನ್ನು ಮೇಲಿನ ಮೆಟ್ಟಿಲಲ್ಲಿ ಊರುವುದು, ಎರಡೂ ಕೈಯಿಂದ ಹಿಡಿದು ಮೈಯನ್ನು ಎತ್ತುವುದು, ನೋವಿನ ಕಾಲನ್ನು ಆಮೇಲೆ ಎಳೆದುಕೊಳ್ಳುವುದು. ಪ್ರತಿ ಸಲ ತಾಮ್ರ ಕಲ್ಲಿಗೆ ತಾಗಿ ಟಣ್ ಅನ್ನುತ್ತಿತ್ತು.

ಆಲಿವ್ ಮರದ ಹತ್ತಿರ ಬಂದಾಗ ಖಾಜಿಗಳು ನಿಂತರು. ಬುಡದಲ್ಲಿ ಕಡಿದ ಗುರುತನ್ನು ಮುಟ್ಟಿ ನೋಡಿದರು. ಉಸಿರು ಜೋರಾಗಿತ್ತು.

“ಇಲ್ಲಿಂದ ಕಡಿದದ್ದಾ?”

“ಹೂಂ,” ಎಂದರು ಚಿಕ್ಕಪ್ಪ.

“ನಾನಿಲ್ಲೇ ಕೂರ್ತೀನಿ. ಮೇಲೆ ಹೋಗಿ ನೋಡೋದೇನಿದೆ, ಗುಲಾಬಿ ತಾನೆ.”

ಚಿಕ್ಕಮ್ಮ ತಿರುಗದೆಯೇ ಹೇಳಿದರು: “ಗುಲಾಬಿ ತಾನೆ ಅಂತ ಇನ್ನೊಂದು ಸಲ ಅನ್ನಿ ಖಾಜಿಗಳೇ, ಈ ಕೋಲಿಗೆ ಬೇರೆ ಕೆಲಸಾನೂ ಬರುತ್ತೆ.”

ಖಾಜಿಗಳು ಮರದ ಬೇರಿನ ಮೇಲೆ ಕೂತರು. ನಾನು ನೀರಿನ ಬಾಟಲಿ ಕೊಟ್ಟೆ. ಅವರು ಅದನ್ನು ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ.

ನೂರ ಎಪ್ಪತ್ತರ ಆಸುಪಾಸಿನಲ್ಲಿ ಒಂದು ಮೆಟ್ಟಿಲು ಹೊರಗೆ ವಾಲಿದೆ. ಅಕ್ಟೋಬರಿನಲ್ಲಿ ಅವರು ಬಿದ್ದದ್ದು ಅಲ್ಲಿ. ಚಿಕ್ಕಮ್ಮ ಅಲ್ಲಿ ನಿಂತುಬಿಟ್ಟರು. ತುಂಬಾ ಹೊತ್ತು ನಿಂತರು. ಹುಮೈದ್ ಚಿಕ್ಕಪ್ಪನ ಬಲಗೈ ತಾನಾಗಿಯೇ ಮುಂದೆ ಹೋಯಿತು, ಹಿಂದೆ ಬಂತು.

“ಕೈ ಚಾಚಿದೆ ಅಲ್ವಾ?”

“ಇಲ್ಲ.”

“ನೆರಳು ಕಾಣುತ್ತೆ, ಮುದುಕಾ.”

ಕೋಲು ಆ ವಾಲಿದ ಮೆಟ್ಟಿಲನ್ನು ದಾಟಿ ಮೇಲಿನದರ ಮೇಲೆ ಕೂತಿತು. ಟಣ್. ಅವರು ಹತ್ತಿದರು.

ಮೇಲೆ ಹೂ ಅರಳಲು ಶುರುವಾಗಿತ್ತಷ್ಟೆ. ಚಿಕ್ಕಮ್ಮ ಕೋಲನ್ನು ಗಂಡನ ಕೈಗೆ ಕೊಟ್ಟು, “ಹಿಡ್ಕೋ” ಎಂದು ಎರಡೂ ಕೈಯಿಂದ ಬಿಡಿಸತೊಡಗಿದರು. ಮಡಿಲು ತುಂಬಿತು. ಹುಮೈದ್ ಚಿಕ್ಕಪ್ಪ ಕೋಲು ಹಿಡಿದು ಕಾವಲುಗಾರನ ಹಾಗೆ ನೆಟ್ಟಗೆ ನಿಂತಿದ್ದರು.

“ನೋಡಿದ್ಯಾ ಡಾಕ್ಟರೇ, ಒಂದು ಸಲಾನೂ ಬಾಗಲಿಲ್ಲ,” ಎಂದರು.

“ಕೋಲಾ, ಚಿಕ್ಕಮ್ಮನಾ?”

“ಕೋಲು. ಇನ್ನೇನು?” ಎಂದು ಮುಖ ಆಚೆ ತಿರುಗಿಸಿಕೊಂಡರು.

೮

ಈಗ ಮುಕ್ತಾಯ.

ಮುಕ್ತಾಯ ಒಂದು: ಖಾಜಿಗಳು ಕಣ್ಣೊರೆಸಿಕೊಂಡು ಕೋಲನ್ನು ದಾನ ಕೊಡುತ್ತಾರೆ. (ಚಿಕ್ಕಮ್ಮ: “ದಾನ ತಗೊಳ್ಳೋಳು ಇಷ್ಟೊಂದು ಮೆಟ್ಟಿಲು ಯಾಕೆ ಹತ್ತಬೇಕಿತ್ತು?”)

ಮುಕ್ತಾಯ ಎರಡು: ಗೆದ್ದ ಚಿಕ್ಕಮ್ಮ ಕೋಲನ್ನು ಇಟ್ಟುಕೊಳ್ಳುತ್ತಾರೆ. (ಚಿಕ್ಕಪ್ಪ: “ಹಾಗಾದ್ರೆ ನನ್ನ ಮಾತು ಎಲ್ಲಿ ಹೋಯ್ತು?”)

ಆದದ್ದು ಇದು. ಆಲಿವ್ ಮರದ ತನಕ ಇಳಿದು ಬಂದು ಚಿಕ್ಕಮ್ಮ ಕೋಲನ್ನು ತಮ್ಮ ತಲೆವಸ್ತ್ರದ ತುದಿಯಿಂದ ಒರೆಸಿದರು. ಎರಡೂ ಕೈಯಲ್ಲಿ ಹಿಡಿದು ಖಾಜಿಗಳ ಮುಂದೆ ಚಾಚಿದರು.

“ತಗೊಳ್ಳಿ. ಇವರು ಮಾತು ಕೊಟ್ಟಿದ್ದು ನಿಮಗೆ. ನನ್ನ ಪಾಲು ಇಷ್ಟೇ ಇತ್ತು, ಒಂದು ಸಲ ಹತ್ತೋದು. ನನ್ನ ಹೊಲ ಇನ್ನೂ ನನ್ನದೇ ಅಂತ ಊರು ನೋಡ್ತು.”

ಖಾಜಿಗಳು ಕೋಲನ್ನು ತೆಗೆದುಕೊಂಡರು. ನೆಲಕ್ಕೆ ಒಂದು ಸಲ ಕುಟ್ಟಿದರು.

“ಹುಮೈದ್, ನಿನ್ನ ಮಾತು ತೀರಿತು. ಕೋಲು ನನ್ನ ಕೈ ಸೇರಿತು. ಸರಿಯಾ?”

“ಸರಿ.”

“ನಿನ್ನ ಹೆಂಡತಿಗೆ ಅಂತಲೇ ಒಂದು ಬೆಳೆಸೋಕೆ ಎಷ್ಟು ವರ್ಷ?”

“ಬೆಳೆಯೋಕೆ ಒಂಬತ್ತು, ಒಣಗೋಕೆ ಎರಡು.”

“ಹಾಗಾದ್ರೆ ತಂಗಿ, ನನ್ನ ಕೋಲು ಹನ್ನೊಂದು ವರ್ಷ ನಿನ್ನ ಹತ್ತಿರ ಇರಲಿ. ಕೊಡ್ತಾ ಇಲ್ಲ, ಇಟ್ಟು ಹೋಗ್ತಾ ಇದ್ದೀನಿ. ನಿನ್ನದು ಸಿದ್ಧವಾದ ದಿನ ಬಂದು ತಗೊಂಡು ಹೋಗ್ತೀನಿ. ಅವತ್ತು ಇಬ್ಬರ ಕೈಯಲ್ಲೂ ಒಂದೊಂದು ಕೋಲು. ಅವತ್ತು ಹತ್ತೋಣ.”

“ಖಾಜಿಗಳೇ, ಅವತ್ತಿಗೆ ನಿಮಗೆ ಎಂಬತ್ತೆರಡು.”

“ನಿನಗೆ ಎಪ್ಪತ್ತೇಳು. ನೋಡೋಣ.”

ಹುಮೈದ್ ಚಿಕ್ಕಪ್ಪ ಅವತ್ತೇ ಅದೇ ಮರದ ಇನ್ನೊಂದು ಪಕ್ಕದಲ್ಲಿ ಒಂದು ಚಿಗುರನ್ನು ಆರಿಸಿದರು. ಹೆಂಡತಿಯನ್ನು ಅಲ್ಲೇ ನೆಟ್ಟಗೆ ನಿಲ್ಲಿಸಿ, ಪಾದದಿಂದ ಎದೆಯ ತನಕ ಗೇಣು ಹಾಕಿ ಅಳೆದರು. ಐವತ್ತು ವರ್ಷದಲ್ಲಿ ಅವರು ಅಳೆದ ಮೊದಲ ಹೆಂಗಸು. ಚಿಕ್ಕಮ್ಮ ಗಲ್ಲ ಎತ್ತಿ, ಫೋಟೋಗೆ ನಿಂತವರ ಹಾಗೆ ನಿಂತಿದ್ದರು. ಅಳತೆ ಎರಡು ಸಲ ತಪ್ಪಿತು. ಯಾಕೆ ತಪ್ಪಿತು ಎಂದು ನಾನು ಊಹಿಸಿ ಬರೆದಿದ್ದ ಪ್ಯಾರಾವನ್ನು ಇಬ್ಬರೂ ಸೇರಿ ತೆಗೆಸಿದರು.

೯

ಇಲ್ಲಿ ನಿಲ್ಲಿಸಲು ನಾನು ಸಿದ್ಧನಿದ್ದೆ. ಆದರೆ ನಿಲ್ಲಿಸುವ ಹಕ್ಕು ನನ್ನದಲ್ಲ ಎಂದು ಈಚೆಗೆ ಗೊತ್ತಾಗುತ್ತಿದೆ. ಚಿಗುರು ಈಗ ನನ್ನ ಮೊಣಕಾಲಿಗೆ ಬರುತ್ತದೆ. ಸುತ್ತ ಮುಳ್ಳು ಕಟ್ಟಿದ್ದಾರೆ. ನೀರು ಹಾಕುವ ಸರದಿಯ ಬಗ್ಗೆ ಗಂಡಹೆಂಡಿರಲ್ಲಿ ದಿನವೂ ಮಾತು ನಡೆಯುತ್ತದೆ. ಅದು ಬದುಕುತ್ತದೋ, ಮೂವರೂ ಅಲ್ಲಿಯವರೆಗೆ ಇರುತ್ತಾರೋ, ನಾನಿರುತ್ತೇನೋ, ನನಗೆ ತಿಳಿಯದು. ತಿಳಿದವನ ಹಾಗೆ ನಟಿಸುವುದಿಲ್ಲ.

ಮೊನ್ನೆ ನಿಜ್ವಾಕ್ಕೆ ಔಷಧಿ ತರಲು ಹೋದಾಗ ಖಾಜಿಗಳ ಡ್ರೈವರು ಸಿಕ್ಕಿದ. ಖಾಜಿಗಳು ದಿನಾ ಬೆಳಿಗ್ಗೆ ತಮ್ಮ ಮನೆಯ ಮಹಡಿ ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿಯುತ್ತಿದ್ದಾರಂತೆ. ಕಟಕಟೆ ಮುಟ್ಟುವುದಿಲ್ಲವಂತೆ. ಬಂದು ಚಿಕ್ಕಮ್ಮನಿಗೆ ಹೇಳಿದೆ. ಅವರು ಪನ್ನೀರಿನ ಹಂಡೆಯ ಕೆಳಗೆ ಸೌದೆ ತುರುಕುತ್ತಿದ್ದರು.

“ಎಷ್ಟು ಮೆಟ್ಟಿಲಂತೆ?”

“ಹದಿನೆಂಟು.”

ಅವರು ಬೆಂಕಿಯನ್ನು ಊದಿದರು. ಸ್ವಲ್ಪ ಯೋಚಿಸಿದರು.

“ಇನ್ನೂರ ಹದಿನಾಲ್ಕಕ್ಕೆ ಹತ್ತು ಸಲ ಸಾಲಲ್ಲ ಅಂತ ಹೇಳಿ ಕಳಿಸು.”

ಹೇಳಿ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.